ಜುಲೈ–ಆಗಸ್ಟ್ ಜಂಟಿ ಸಂಚಿಕೆ

ಜುಲೈ ತಿಂಗಳ ಹಾಸ್ಯ ಪತ್ರಿಕೆ ಆಗಸ್ಟ್ 20ಕ್ಕೆ ಬಂತು. ಮುಖಪುಟದಲ್ಲಿ ಜುಲೈ ಪಕ್ಕ ಒಂದು ಗೆರೆ ಎಳೆದು ಆಗಸ್ಟನ್ನೂ ಸೇರಿಸಿದ್ದಾರೆ. ಒಳಗೆ ಸಂಪಾದಕರ ವಿಜ್ಞಾಪನೆ: 'ಅನಿವಾರ್ಯ ಕಾರಣಗಳಿಂದ ಈ ಬಾರಿ ಜಂಟಿ ಸಂಚಿಕೆ. ಓದುಗರು ಸಹಕರಿಸಬೇಕು.' ಪುಟ ಮಾತ್ರ ಹೆಚ್ಚಿಲ್ಲ, ಅದೇ 32. ಸಹಕರಿಸುವುದೆಂದರೆ ಎಂತ ಮಾಡುವುದು ಮಾರಾಯ್ರೆ? ಒಂದೇ ಜೋಕಿಗೆ ಎರಡು ಸಲ ನಗುವುದಾ?

ಈ ವಿಜ್ಞಾಪನೆಯ ಮುಂದಿನ ಕಥೆ ಚಂದಾ ಕಟ್ಟಿದವರಿಗೆಲ್ಲ ಬಾಯಿಪಾಠ. ಸೆಪ್ಟೆಂಬರಿನದ್ದು ಬರುವುದಿಲ್ಲ. ಮೂರು ತಿಂಗಳನ್ನು ಒಟ್ಟು ಮಾಡಿ ಒಂದು ದೀಪಾವಳಿ ವಿಶೇಷಾಂಕ ಬರುತ್ತದೆ. ಅದರಲ್ಲಿ ಅರ್ಧ ಶುಭಾಶಯದ ಜಾಹೀರಾತು, ಉಳಿದರ್ಧ ಹಳೆಯ ಸಂಚಿಕೆಗಳಿಂದ ಆಯ್ದದ್ದು. ಆಮೇಲೆ ಪೋಸ್ಟ್‌ಮ್ಯಾನ್ ಬೇರೆಯವರ ಮದುವೆ ಕಾಗದ ಕೊಟ್ಟು ಹೋಗುತ್ತಾನೆ, ಅಷ್ಟೇ.

ನಮ್ಮ ಕರಾವಳಿಯ ಹಾಸ್ಯ ಪತ್ರಿಕೆಗಳು ಹೀಗೆ ನಿಲ್ಲುವುದರಲ್ಲಿ ಮಳೆಯದ್ದೂ ಸ್ವಲ್ಪ ತಪ್ಪುಂಟು, ಅದನ್ನು ಒಪ್ಪಬೇಕು. ಜೂನ್ ಕಳೆದ ಮೇಲೆ ಮಂಗಳೂರಿನ ಪ್ರೆಸ್ಸಿನಲ್ಲಿ ಕಾಗದ ತೇವ ಎಳೆದುಕೊಂಡು ಅಂಚು ಸುರುಟುತ್ತದೆ, ಹಿಗ್ಗುತ್ತದೆ. ಮುಖಪುಟಕ್ಕೆ ನಾಲ್ಕು ಬಣ್ಣ ಒಂದರ ಮೇಲೊಂದು ಕೂರಬೇಕು. ಹಿಗ್ಗಿದ ಕಾಗದದಲ್ಲಿ ಅವು ಕೂರುವುದಿಲ್ಲ. ವ್ಯಂಗ್ಯಚಿತ್ರದ ರಾಜಕಾರಣಿಯ ಮೂಗು ಒಂದು ಕಡೆ, ಮೂಗಿನ ಕೆಂಪು ಇನ್ನೊಂದು ಕಡೆ. ಶಾಯಿ ಬೇಗ ಒಣಗದೆ ಒಂದು ಪುಟದ ಜೋಕು ಎದುರಿನ ಪುಟದ ಶ್ರದ್ಧಾಂಜಲಿಯ ಮೇಲೆ ಮಸಿಯಾಗಿ ಕೂರುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಆದರೆ ಹಾಸ್ಯ ಪತ್ರಿಕೆಗಳು ಬೇಸಗೆಯಲ್ಲೂ ಸಾಯುತ್ತವಲ್ಲ!

ಮುದ್ರಣದ ಲೆಕ್ಕ ನೋಡಿ. 1/8 ಡೆಮಿ ಆಕಾರದಲ್ಲಿ ಒಂದು ಹಾಳೆಗೆ 16 ಪುಟ, ಅದಕ್ಕೆ ಫಾರಂ ಎನ್ನುತ್ತಾರೆ. 32 ಒಳಪುಟ ಎಂದರೆ ಎರಡು ಫಾರಂ. ಸಾವಿರ ಪ್ರತಿಗೆ 2000 ಹಾಳೆ, ಅಂದರೆ 500 ಹಾಳೆಯ ನಾಲ್ಕು ರೀಮು. ಹಾಳಾಗುವುದಕ್ಕೆಂದು ಮೇಲೆ ಸ್ವಲ್ಪ. ಒಳಪುಟದ ಕಪ್ಪು ಶಾಯಿಗೆ ನಾಲ್ಕು ಪ್ಲೇಟು, ಬಣ್ಣದ ಮುಖಪುಟಕ್ಕೆ ಇನ್ನು ನಾಲ್ಕು. ತಮಾಷೆ ಇರುವುದು ಇಲ್ಲಿಯೇ: ಪ್ಲೇಟಿನ ಖರ್ಚು, ಯಂತ್ರ ಹೊಂದಿಸುವ ಖರ್ಚು 300 ಪ್ರತಿ ಹೊಡೆದರೂ ಅಷ್ಟೇ, ಸಾವಿರ ಹೊಡೆದರೂ ಅಷ್ಟೇ. ಹಾಗಾಗಿ ಚಂದಾದಾರರು 300 ಇದ್ದರೂ ಸಂಪಾದಕರು ಧೈರ್ಯ ಮಾಡಿ ಸಾವಿರ ಹೊಡೆಸುತ್ತಾರೆ. ಮಿಕ್ಕ 700ರಲ್ಲಿ ಒಂದಷ್ಟು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡ್ ಕಡೆಯ ಅಂಗಡಿಗಳಿಗೆ, ಉಡುಪಿಯ ರಥಬೀದಿಗೆ ಹೋಗುತ್ತವೆ. ಅಂಗಡಿಯವರು ಕಮಿಷನ್ ಹಿಡಿದುಕೊಂಡು ಉಳಿದದ್ದು ಕೊಡಬೇಕು. ಕೊಡುವುದು ಮೂರು ತಿಂಗಳ ಮೇಲೆ, ಅದೂ ಹಣವಲ್ಲ, ಮಾರಾಟವಾಗದ ಪ್ರತಿಗಳು. ಅವು ಸಂಪಾದಕರ ಮಂಚದಡಿ ಸೇರುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಅಲ್ಲಿಂದ ಬರುವ ಮುಗ್ಗುಲು ವಾಸನೆಗೆ ಮನೆಯವರು ಹೇಳುವ ಮಾತುಗಳು ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ಅಂಚೆಯದ್ದು ಇನ್ನೊಂದು ತಮಾಷೆ. ಇಂಥ ಪತ್ರಿಕೆ 50 ಗ್ರಾಮಿನೊಳಗೆ ನಿಲ್ಲುತ್ತದೆ. ನೋಂದಾಯಿತ ಪತ್ರಿಕೆಯಾದರೆ ರವಾನೆಯ ಖರ್ಚು ಪೈಸೆಗಳ ಲೆಕ್ಕದಲ್ಲಿತ್ತು. ಆದರೆ 2024ರವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯಿದೆ ಆ ರಿಯಾಯಿತಿಗೆ ಹಾಕಿದ್ದ ಷರತ್ತು ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು ಎಂಬುದು. ನಗು ಬರಲಿ ಬಿಡಲಿ, ತಿಂಗಳಿಗೊಮ್ಮೆ ನಗಿಸಲೇಬೇಕಿತ್ತು. ಒಂದು ಜಂಟಿ ಸಂಚಿಕೆ ತಂದಿರೋ, ಆ ಕಾಯಿದೆಯ ಕಣ್ಣಿನಲ್ಲಿ ನೀವು ಪತ್ರಿಕೆಯೇ ಆಗಿರುತ್ತಿರಲಿಲ್ಲ.

ಆ 32 ಪುಟ ತುಂಬಿಸುವ ಕಷ್ಟವಂತೂ ಶತ್ರುವಿಗೂ ಬೇಡ. ಫಾರಂ ಲೆಕ್ಕದಲ್ಲಿ 30 ಪುಟಕ್ಕೆ ನಿಲ್ಲಿಸುವ ಹಾಗಿಲ್ಲ. ಉಳಿದ ಎರಡಕ್ಕೂ ಕಾಗದದ ದುಡ್ಡು ಕೊಟ್ಟಾಗಿದೆ. ಅಲ್ಲಿಗೆ 'ನಗೆಹನಿ'. ಗಂಡ ಹೆಂಡತಿ, ಡಾಕ್ಟರ್ ರೋಗಿ, ಮೇಷ್ಟ್ರು ಗುಂಡ. ಬಂದ ಲೇಖನಗಳನ್ನು 'ನುಡಿ' ಎಂಬ ಟೈಪಿಂಗ್ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ. 'ಕಾರ್ಯದರ್ಶಿ' ಹೋಗಿ 'ಕಾಯರ್ದಶಿರ್' ಆಗುತ್ತಾನೆ. ಓದುಗರು ನಕ್ಕರೆ ಅಲ್ಲಿ ಮಾತ್ರ ನಗುತ್ತಾರೆ.

ಇಷ್ಟೆಲ್ಲವನ್ನೂ ದಾಟಿದ ಪತ್ರಿಕೆಯನ್ನು ಮುಗಿಸುವುದಕ್ಕೆ ಒಬ್ಬರಿದ್ದಾರೆ. ಗೌರವ ಪ್ರತಿಯವರು, ಅಂದರೆ ಪುಕ್ಕಟೆ ಓದುವವರು. ಪ್ರತಿ ಊರಿನಲ್ಲೂ ಇದ್ದಾರೆ, ನಮ್ಮ ಕರಾವಳಿಯಲ್ಲಿ ಬೀದಿಗೊಬ್ಬರು. ಮೊದಲ ಸಂಚಿಕೆಯ ಬಿಡುಗಡೆಯ ದಿನ ಇವರು ವೇದಿಕೆಯ ಮೇಲೆ. 'ನಗು ಆರೋಗ್ಯಕ್ಕೆ ಒಳ್ಳೆಯದು' ಎಂದು ಮುಕ್ಕಾಲು ಗಂಟೆ ಮಾತಾಡಿ, ಅಷ್ಟು ಹೊತ್ತೂ ತಾವು ನಗದೆ, ಸಭೆಯನ್ನೂ ನಗಲು ಬಿಡದೆ ಇಳಿದವರು. ಅಂದಿನಿಂದ ಅವರ ಹೆಸರು ಗೌರವ ಪ್ರತಿಯ ಪಟ್ಟಿಗೆ ಏರಿತು. ಇಳಿಸುವ ಧೈರ್ಯ ಯಾರಿಗೂ ಇಲ್ಲ.

ತಿಂಗಳ 2ನೇ ತಾರೀಕಿಗೆ ಪ್ರೆಸ್ಸಿಗೆ ಅವರ ಫೋನು. "ಎಂತ ಮಾರಾಯ್ರೆ, ನನ್ನದು ಬರ್ಲಿಲ್ಲ." ಪತ್ರಿಕೆ ಇನ್ನೂ ಯಂತ್ರದ ಮೇಲೆ ಉಂಟು ಸಾರ್ ಎಂದರೆ, "ಚಂದಾ ಕಟ್ಟಿದವರಿಗೆ ಹೀಗೆ ಮಾಡಿದರೆ ಹೇಗೆ?" ಕಟ್ಟಿದ್ದು ಯಾವಾಗ ಎಂದು ಕೇಳಬಾರದು. 5ಕ್ಕೆ ಅವರೇ ಬರುತ್ತಾರೆ. ಬೈಂಡಿಂಗಿನ ಹುಡುಗಿ ಪಿನ್ ಹೊಡೆಯುತ್ತಿರುವ ರಾಶಿಯ ನಡುವಿನಿಂದಲೇ ಒಂದನ್ನು ಎಳೆದುಕೊಳ್ಳುತ್ತಾರೆ. ಮೇಲಿನದ್ದಕ್ಕೆ ಧೂಳು ಹಿಡಿದಿರುತ್ತದಂತೆ. "ಇನ್ನೊಂದು ಕೊಡಿ, ಬೊಂಬಾಯಿಯ ಭಾವನಿಗೆ. ಅವನಿಗೆ ಊರಿನದ್ದು ಎಂದರೆ ಪ್ರಾಣ." ಪ್ರಾಣ ಕೊಡುವ ಭಾವ ವರ್ಷಕ್ಕೆ 300 ರೂಪಾಯಿ ಕೊಡುವುದಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಪ್ರೆಸ್ಸಿನವರ ಚಾ ಕುಡಿಯುತ್ತ ವಿಮರ್ಶೆ: "14ನೇ ಪುಟದ್ದು ಹಳೇ ಜೋಕು. ನಾನು ಕಾಲೇಜಿನಲ್ಲಿರುವಾಗ ಕೇಳಿದ್ದು." ಹಳತಾದರೇನು, ಮನೆಗೆ ಹೋದ ಕೂಡಲೇ ಆ ಪುಟದ ಫೋಟೋ ತೆಗೆದು ಹತ್ತು ಗುಂಪಿಗೆ ಕಳಿಸುತ್ತಾರೆ. ಲೇಖಕರ ಹೆಸರು ಚೌಕಟ್ಟಿನ ಹೊರಗೆ, ಅವರ ಹೆಬ್ಬೆರಳು ಒಳಗೆ. ಮರುದಿನ ಅದೇ ಜೋಕು ಸುತ್ತಿ ಸುತ್ತಿ 'ವಾಟ್ಸಾಪ್ ಕೃಪೆ' ಎಂಬ ಅಡಿಬರಹ ಹೊತ್ತು ಸಂಪಾದಕರ ಫೋನಿಗೇ ಬಂದು ಬೀಳುತ್ತದೆ, ಮೂರು ಅಳುನಗೆಯ ಮುಖಗಳೊಂದಿಗೆ. ಚಂದಾದಾರರೂ ಅದೇ ಗುಂಪಿನಲ್ಲಿ ಇರುತ್ತಾರೆ. ಅವರು ಮುಂದಿನ ವರ್ಷಕ್ಕೆ ಹಣ ಯಾಕೆ ಕಳಿಸಬೇಕು ಹೇಳಿ.

ಪತ್ರಿಕೆ ನಿಂತ ಮೇಲೆ 'ಓದುವ ಸಂಸ್ಕೃತಿ ನಶಿಸುತ್ತಿದೆ' ಎಂದು ಮಾತಾಡುವುದೂ ಅವರೇ. ಒಂದನೇ ಸಂಚಿಕೆಯಿಂದ ಪೂರ್ತಿ ಕಡತ ಇರುವುದೂ ಅವರಲ್ಲೇ ಎಂಬುದು ಬೇರೆ ಮಾತು.

ಊರು ಚಿಕ್ಕದಾದ್ದರಿಂದ ಬರೆಯುವುದಕ್ಕೂ ಜಾಗ ಕಡಿಮೆ. ಸಹಕಾರಿ ಸಂಘದ ಅಧ್ಯಕ್ಷರ ಬಗ್ಗೆ ಬರೆದರೆ ಅವರು ಮುದ್ರಕರ ಷಡ್ಡಕ. ಜೀರ್ಣೋದ್ಧಾರ ಸಮಿತಿಯ ರಸೀದಿ ಪುಸ್ತಕದ ಮೇಲೆ ಬರೆದರೆ ಒಳರಕ್ಷಾಪುಟದ ಜಾಹೀರಾತು ಹೋಯಿತು. ಹೆಸರು ಹಾಕದೆ 'ಒಬ್ಬ ಶೆಟ್ರು' ಎಂದು ಬರೆದರೆ ನಾಲ್ಕು ಜನ ಶೆಟ್ರು ಫೋನ್ ಮಾಡುತ್ತಾರೆ: "ಅದು ನಾನೇ ಅಲ್ವಾ?" ಕಡೆಗೆ ಉಳಿಯುವುದು ಹೆಂಡತಿ ಮತ್ತು ಸೊಳ್ಳೆ. ಈಗ ಹೆಂಡತಿಯರೂ ಬಿಡುವುದಿಲ್ಲ, ಸರಿಯಾಗಿಯೇ ಬಿಡುವುದಿಲ್ಲ.

ಹಿಂದೆ ಜಾಹೀರಾತಿಗೆ ಈ ಜಿಲ್ಲೆಯಲ್ಲಿ ಒಂದು ದಾರಿ ಇತ್ತು. ಇಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ ಸಿಂಡಿಕೇಟಿನ ಪ್ರಧಾನ ಕಚೇರಿ ಮಣಿಪಾಲದಲ್ಲಿ, ಕಾರ್ಪೊರೇಷನ್ನಿನದ್ದು ಮಂಗಳೂರಿನಲ್ಲಿ. ಪತ್ರಿಕೆಯ ಕಟ್ಟು ಹಿಡಿದು ಬಸ್ಸು ಹತ್ತಿದರೆ ಸಾಹಿತ್ಯ ಓದುವ ಒಬ್ಬ ಅಧಿಕಾರಿ ಸಿಗಬಹುದಿತ್ತು. ಇಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕಿನಲ್ಲಿ ವಿಲೀನವಾಯಿತು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್ 1ಕ್ಕೆ. ಏಪ್ರಿಲ್ ಒಂದೇ ಏಕೆ ಎಂದು ಹಾಸ್ಯ ಪತ್ರಿಕೆಯವರು ಕೇಳಬಾರದು, ಅದು ಆರ್ಥಿಕ ವರ್ಷ. ಈಗ ಅರ್ಜಿ ಮುಂಬೈಗೋ ಬೆಂಗಳೂರಿಗೋ ವಡೋದರಕ್ಕೋ ಹೋಗಬೇಕು, 'ಪ್ರಸರಣ ಸಂಖ್ಯೆ' ಎಂಬ ಕಾಲಂ ತುಂಬಿಸಿ.

ಹಾಗೆ ನೋಡಿದರೆ ಬಾಳಿದವರೂ ಉಂಟು. ಕನ್ನಡದ ಹಾಸ್ಯ ಪತ್ರಿಕೆ ಕೊರವಂಜಿ 1942ರಲ್ಲಿ ಹುಟ್ಟಿ 1967ರವರೆಗೆ ಬಂತು, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಎಳೆವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದವರು. ಅದನ್ನು ನಡೆಸಿದ ರಾ.ಶಿ. (ಎಂ. ಶಿವರಾಂ) ವೃತ್ತಿಯಲ್ಲಿ ಡಾಕ್ಟರು. ನಗಿಸಿ ಅನ್ನ ಹುಟ್ಟಿಸಬೇಕಾದ ಹಂಗು ಇಲ್ಲದ್ದೇ ದೊಡ್ಡ ಗುಟ್ಟು ಎಂದು ನನ್ನ ಲೆಕ್ಕ. ಅದರ ಹಾದಿ ಹಿಡಿದು 1983ರಲ್ಲಿ ಅಪರಂಜಿ ಬಂತು. ದಿಲ್ಲಿಯ ಶಂಕರ್ಸ್ ವೀಕ್ಲಿ 1948ರಿಂದ ನಡೆದು, ತುರ್ತು ಪರಿಸ್ಥಿತಿ ಬಂದ ಕೆಲವೇ ವಾರಗಳಲ್ಲಿ, 1975ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಲಂಡನ್ನಿನ ಪಂಚ್ 1841ರಿಂದ 1992ರವರೆಗೆ ಬದುಕಿತು. ಆಮೇಲೆ ಹಣವಂತರೊಬ್ಬರು 1996ರಲ್ಲಿ ಮತ್ತೆ ಎಬ್ಬಿಸಿದರು, 2002ಕ್ಕೆ ಅದೂ ಮುಗಿಯಿತು. ನಮ್ಮೂರಿನ ಮಾತು ಬೇಡವೇ ಬೇಡ. ಜರ್ಮನ್ ಪಾದ್ರಿ ಮೋಗ್ಲಿಂಗರು 1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ವರ್ಷ ತುಂಬುವ ಮೊದಲೇ ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು. ಅದು ಹಾಸ್ಯ ಪತ್ರಿಕೆಯೂ ಆಗಿರಲಿಲ್ಲ.

ನಮ್ಮಲ್ಲಿ ನಗು ಇಲ್ಲ ಎಂದಲ್ಲ. ಯಕ್ಷಗಾನದ ಹಾಸ್ಯಗಾರ ಬಂದರೆ ನಿದ್ದೆ ತೂಗುತ್ತಿದ್ದವರೂ ಎದ್ದು ಕೂರುತ್ತಾರೆ. ಅವನು ಕಾಲು ಗಂಟೆ ಇದ್ದು ಒಳಗೆ ಹೋಗುತ್ತಾನೆ, ಆಟ ಮುಂದೆ ಹೋಗುತ್ತದೆ. ರಾತ್ರಿಯಿಡೀ ಅವನೊಬ್ಬನೇ ಕುಣಿದರೆ ಎರಡು ಗಂಟೆಗೆ ಮೈದಾನ ಖಾಲಿ. ಆದರೂ ಕ್ಷೌರದಂಗಡಿಯಲ್ಲಿ ರಟ್ಟು ಹೋದ, ಯಾವ ತಿಂಗಳದ್ದೆಂದೇ ಗೊತ್ತಾಗದ ಒಂದು ಹಾಸ್ಯ ಪತ್ರಿಕೆ ಕೈಗೆ ಸಿಕ್ಕಿ, ಸರದಿ ಬಂದರೂ ಏಳದೆ ಓದಿದವರು ಎಷ್ಟು ಜನ ಇಲ್ಲ! ಅಂಥ ಒಂದು ಪುಟಕ್ಕಾಗಿ ಯಾರೋ ಹೆಂಡತಿಯ ಬಳೆ ಅಡವಿಟ್ಟಿರಬಹುದು.

ಸರಿ, ಲೆಕ್ಕ ಮುಗಿಸುವ ವಿಷಯ. 1867ರ ಹಳೆಯ ಪತ್ರಿಕಾ ಕಾಯಿದೆಯ ಪ್ರಕಾರ ಮಾಸಪತ್ರಿಕೆ 12 ತಿಂಗಳಿಗಿಂತ ಹೆಚ್ಚು ಕಾಲ ನಿಂತರೆ ಅದನ್ನು ಹೊರಡಿಸಲು ಕೊಟ್ಟ ಘೋಷಣೆ ತಾನಾಗಿಯೇ ರದ್ದಾಗುತ್ತಿತ್ತು, ಯಾರಿಗೂ ಅರ್ಜಿ ಕೊಡಬೇಕಾಗಿರಲಿಲ್ಲ. 'ಆಜೀವ ಚಂದಾ' ಕಟ್ಟಿದವರು ಯಾರ ಜೀವ ಎಂದು ಮೊದಲೇ ಕೇಳಿರುವುದಿಲ್ಲ, ಹಾಗಾಗಿ ಸುಮ್ಮನಿರುತ್ತಾರೆ. ಮಂಚದಡಿಯ ರಾಶಿಯನ್ನು ಗುಜರಿಯವನಿಗೆ ಕೊಡುವಾಗ ಪಿನ್ನು ಕೀಳಿ, ಮಿರುಗುವ ಮುಖಪುಟ ಬೇರೆ ಮಾಡಿ. ಇಲ್ಲದಿದ್ದರೆ ಕಿಲೋಗೆ ದರ ಇಳಿಸುತ್ತಾನೆ. ಅಷ್ಟು ಮಾಡಿದರೆ ಚೌಕಾಸಿ ಇಲ್ಲ. ಕಮಿಷನ್ ಕೇಳದೆ, ಸಾಲ ಹೇಳದೆ, ಇಡೀ ಮುದ್ರಣವನ್ನು ನಗದು ಎಣಿಸಿ ಒಯ್ಯುತ್ತಾನೆ. ಒಂದು ಪ್ರತಿಯನ್ನೂ ಹಿಂದೆ ತಂದುಕೊಡುವುದಿಲ್ಲ.