ಚಾಸಿಸ್ ಮೇಲೆ ಹಂಡೆ

ಫೋರ್ ಬೈ ಫೋರ್ ಗಾಡಿಯ ಬೆನ್ನ ಮೇಲೆ ಮಂಚ, ಒಲೆ, ಫ್ರಿಜ್ ಎಲ್ಲ ಹೊರಿಸಿ ಬೆಂಗಳೂರಿನಿಂದ ಹಿಮಾಚಲದ ಸ್ಪಿತಿಗೆ ಹೊರಡುವ ಉತ್ಸಾಹಿಗೆ ವಿಂಚ್ ಎಷ್ಟು ಟನ್ ಎಳೆಯುತ್ತದೆ ಎಂಬುದು ಬಾಯಿಪಾಠ. ಸ್ನಾನ ಎಲ್ಲಿ ಎಂದು ಮನೆಯವರು ಕೇಳಿದರೆ ಮಾತ್ರ "ಅಲ್ಲಿ ನದಿ ಇದೆಯಲ್ಲ" ಅನ್ನುತ್ತಾನೆ. ಆ ನದಿ ಹಿಮ ಕರಗಿ ಬಂದದ್ದು. ಅದರಲ್ಲಿ ಒಂದು ಚೊಂಬು ತಲೆಗೆ ಸುರಿದುಕೊಂಡವರು ಮರುದಿನವೇ ಬಿಸಿನೀರಿನ ಬಗ್ಗೆ ವಿಚಾರಿಸಲು ಶುರು ಮಾಡುತ್ತಾರೆ.

ಮೊದಲ ಸಲಹೆ ಬಾಡಿ ಕಟ್ಟುವವನಿಂದಲೇ ಬರುತ್ತದೆ. "ಸಾರ್, ಯಾಕೆ ತಲೆ ಕೆಡಿಸ್ಕೋತೀರಾ, ಒಂದು ಗ್ಯಾಸ್ ಗೀಸರ್ ಹಾಕ್ಬಿಡೋಣ." ಬೇಡ. ಹೊಗೆಕೊಳವೆ ಇಲ್ಲದ ಗ್ಯಾಸ್ ಗೀಸರ್ ಕಿಟಕಿ ಮುಚ್ಚಿದ ಬಚ್ಚಲಲ್ಲೇ ಜೀವ ತೆಗೆದಿದೆ. ಅದು ಉಗುಳುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬಚ್ಚಲಿಗಿಂತ ಚಿಕ್ಕದಾದ, ಚಳಿಗೆ ಹೆದರಿ ಎಲ್ಲ ಸಂದು ಮುಚ್ಚಿಕೊಂಡ ಕ್ಯಾಬಿನ್ನಿನಲ್ಲಿ ಅದರ ಜೊತೆ ಮಲಗುವುದು ಸಾಹಸವಲ್ಲ, ದಡ್ಡತನ. ಸಾಲದ್ದಕ್ಕೆ ಸಿಲಿಂಡರಿನಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಒಲ್ಲೆ ಎನ್ನುತ್ತದೆ. ಅಂದರೆ ಚಳಿ ಹೆಚ್ಚಿದಷ್ಟೂ ಗೀಸರ್ ಮುನಿಸಿಕೊಳ್ಳುತ್ತದೆ.

ಎರಡನೆಯ ಸಲಹೆ ಭಾವಮೈದುನನದು: ಇನ್ವರ್ಟರಿಗೆ ಹೀಟರ್ ಕಡ್ಡಿ ಸಿಕ್ಕಿಸುವುದು. ಲೆಕ್ಕ ಹಾಕಿ. ಹತ್ತು ಲೀಟರ್ ನೀರನ್ನು 15 ಡಿಗ್ರಿಯಿಂದ 80ಕ್ಕೆ ಏರಿಸಲು ಮುಕ್ಕಾಲು ಯೂನಿಟ್ ವಿದ್ಯುತ್ ಬೇಕು. 12 ವೋಲ್ಟಿನ ಬ್ಯಾಟರಿಯಿಂದ, ಇನ್ವರ್ಟರ್ ನುಂಗುವುದನ್ನೂ ಸೇರಿಸಿದರೆ, ಹತ್ತಿರ ಹತ್ತಿರ 70 ಆಂಪಿಯರ್ ಅವರ್. 100 ಆಂಪಿಯರ್ ಅವರಿನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀರಬಾರದು. ಸ್ನಾನ ಮುಗಿಯುವ ಹೊತ್ತಿಗೆ ಫ್ರಿಜ್ಜೂ ಇಲ್ಲ, ದೀಪವೂ ಇಲ್ಲ.

ಇಷ್ಟೆಲ್ಲ ಹುಡುಕುವಾಗ ಬಾನೆಟ್ಟಿನ ಕೆಳಗೆ 85–90 ಡಿಗ್ರಿಯ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಪುಕ್ಕಟೆಯಾಗಿ ಸುತ್ತುತ್ತಿರುತ್ತದೆ. ಕ್ಯಾಬಿನ್ ಹೀಟರಿಗೆ ಹೋಗುವ ಹೋಸಿನ ಜಾಡಿನಲ್ಲೇ ಅದನ್ನು ಗಾಡಿಯ ಹಿಂಭಾಗಕ್ಕೆ ಎಳೆದು, ಅದರ ಶಾಖದಲ್ಲಿ ನೀರು ಕಾಯಿಸಿಕೊಂಡರೆ ಕೆಲಸ ಆಯಿತು. ತಕರಾರು ಒಂದೇ: ಇಂಜಿನ್ ಬಿಸಿ ಇರುವಾಗ ನಾವು ಸ್ಟಿಯರಿಂಗ್ ಹಿಡಿದಿರುತ್ತೇವೆ, ಮೈಗೆ ಸೋಪು ಹಚ್ಚಿಕೊಳ್ಳುವ ಹೊತ್ತಿಗೆ ಇಂಜಿನ್ ಮಲಗಿರುತ್ತದೆ. ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕೊಂಡವರು ಮುಗ್ಗರಿಸುವುದು ಇಲ್ಲೇ. ತಗಡುಗಳ ಒಂದು ಬದಿ ಕೂಲೆಂಟ್, ಇನ್ನೊಂದು ಬದಿ ನೀರು ಹರಿಸಿ ಆಗಿಂದಾಗಲೇ ಕಾಯಿಸುವ, ಅಂಗೈ ಅಗಲದ, ಅಗ್ಗದ, ಚಂದದ ವಸ್ತು. ಆದರೆ ನಿಮಿಷಕ್ಕೆ 5 ಲೀಟರ್ ನೀರನ್ನು 25 ಡಿಗ್ರಿ ಏರಿಸಲು 8.7 ಕಿಲೋವಾಟ್ ಶಾಖ ಬೇಕು. ಐಡ್ಲಿಂಗ್‌ನಲ್ಲಿ ನಿಂತ ಡೀಸೆಲ್ ಇಂಜಿನ್ ಅಷ್ಟನ್ನು ಕೊಡುವುದಿಲ್ಲ. ಮೊದಲ ನಿಮಿಷ ಬೆಂಕಿ, ಎರಡನೆಯದು ಉಗುರುಬೆಚ್ಚಗೆ, ಆಮೇಲೆ ಸಾಕ್ಷಾತ್ ನದಿ. ಕೋಲಾರ, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರು ತುಂಬಿಕೊಂಡು ಹೊರಟವರಿಗೆ ಪ್ಲೇಟುಗಳ ನಡುವೆ ಸುಣ್ಣ ಕಟ್ಟುವ ಬೋನಸ್ ಬೇರೆ.

ಹಾಗಾಗಿ ಒಳಗೆ ಕೂಲೆಂಟ್ ಹರಿಯುವ ಸುರುಳಿ ಕೊಳವೆ, ಹೊರಗೆ ಫೋಮಿನ ದಪ್ಪ ಹೊದಿಕೆ ಇರುವ 10 ಲೀಟರಿನ ಟ್ಯಾಂಕೇ ಸರಿ. ಸಂಜೆ ಗಾಡಿ ನಿಲ್ಲಿಸಿದರೂ ಬೆಳಗಿನವರೆಗೆ ಬೆಚ್ಚಗಿರುತ್ತದೆ. ಹತ್ತು ಲೀಟರ್ ಯಾವ ಮೂಲೆಗೆ ಅನ್ನಬೇಡಿ. 80 ಡಿಗ್ರಿಯ ಹತ್ತು ಲೀಟರಿಗೆ 15 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯ 26 ಲೀಟರ್ ಆಗುತ್ತದೆ. ಬೆರೆಸುವುದನ್ನು ಕೈಗೆ ಬಿಡಬಾರದು, ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವಿಗೆ ಒಪ್ಪಿಸಬೇಕು. 60 ಡಿಗ್ರಿಯ ನೀರೇ ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ದುಡ್ಡು ಉಳಿಸಲು ಈ ವಾಲ್ವನ್ನೇ ಬಿಡುವ ಮಹಾನುಭಾವರಿದ್ದಾರೆ.

ಟ್ಯಾಂಕ್ ಕೂರಿಸುವಾಗ ಅದು ರೇಡಿಯೇಟರ್ ಮುಚ್ಚಳಕ್ಕಿಂತ ಕೆಳಗಿರಲಿ. ಮೇಲಿದ್ದರೆ ಸುರುಳಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆಗ ಹೋಗುವ ಹೋಸ್ ಮುಟ್ಟಿದರೆ ಕೈ ಸುಡುತ್ತದೆ, ಬರುವ ಹೋಸ್ ತಣ್ಣಗೆ ಕೊರೆಯುತ್ತದೆ. ಏರ್‌ಲಾಕ್ ಅಂದರೆ ಅದೇ. ಹೋಸಿನ ದಾರಿಯಲ್ಲಿ ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಒಂದು ನಿಪ್ಪಲ್ ಇಟ್ಟರೆ ಅರ್ಧ ದಿನದ ಬೈಗುಳ ಉಳಿಯುತ್ತದೆ. 16 ಮಿಲಿಮೀಟರ್ ಹೋಸ್ ಹೋಗಿ ಬರಲು 6 ಮೀಟರ್ ಆದರೆ ಅದರಲ್ಲೇ 1.2 ಲೀಟರ್ ಕೂಲೆಂಟ್ ಹಿಡಿಯುತ್ತದೆ, ಸುರುಳಿಯದು ಬೇರೆ. ಕೂಲೆಂಟ್ ಬಾಟಲಿಯ ಮಟ್ಟ ಇಳಿಯಿತು ಎಂದು ಗಾಬರಿಯಾಗಿ ಇಂಜಿನ್ ಬಿಚ್ಚಿಸುವುದಕ್ಕಿಂತ ಮೊದಲೇ ಒಂದೆರಡು ಲೀಟರ್ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಜಾಣತನ. ಹೋಸ್ ಕ್ಲಿಪ್ಪುಗಳನ್ನು ಮೊದಲ ಸಲ ಕಾದು ಆರಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ರಬ್ಬರ್ ಕೂತುಕೊಳ್ಳುತ್ತದೆ. ಟ್ಯಾಂಕನ್ನು ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ನಿಲ್ಲಿಸುವ ಬಡಗಿಯನ್ನು ತಡೆಯಿರಿ. ಗಾಡಿಯ ನೆಲಕ್ಕೆ ತೂತು ಹೊಡೆದು, ಕೆಳಗೆ ಕಬ್ಬಿಣದ ಪಟ್ಟಿ ಕೊಟ್ಟು, ನಾಲ್ಕು ಎಂ8 (8 ಮಿಲಿಮೀಟರಿನ) ಬೋಲ್ಟ್ ಹಾಕಿಸಿ. ಮನೆಯಲ್ಲಿ ಉಳಿದ ಸಿಪಿವಿಸಿ ಪೈಪನ್ನೂ ಇಲ್ಲಿಗೆ ತರಬೇಡಿ. ಬಿಸಿ ತಡೆದರೂ ಜಲ್ಲಿ ರಸ್ತೆಯ ಕುಲುಕಾಟಕ್ಕೆ ಜಾಯಿಂಟ್ ಬಿರುಕು ಬಿಡುತ್ತದೆ. ಬಾಗುವ ಪ್ಲಾಸ್ಟಿಕ್ಕಿನ ಪೆಕ್ಸ್ ಪೈಪ್ ಹಾಕಿ.

ಇನ್ನು ಎಲ್ಲರೂ ಮರೆಯುವ ಕಾಲು ಲೀಟರಿನ ಕಥೆ. ನೀರು 15ರಿಂದ 80 ಡಿಗ್ರಿಗೆ ಏರಿದಾಗ ಶೇಕಡಾ 3ರ ಹತ್ತಿರ ಹಿಗ್ಗುತ್ತದೆ. ಹತ್ತು ಲೀಟರಿಗೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಬಚ್ಚಲ ಹಂಡೆಯಾದರೆ ಅಂಚು ದಾಟಿ ಒಲೆಗೆ ಸುರಿದು ಚುಂಯ್ ಅನ್ನುತ್ತಿತ್ತು. ಇಲ್ಲಿ ಮೂತಿ ಮುಚ್ಚಿದೆ. ತಣ್ಣೀರಿನ ದಾರಿಯಲ್ಲಿ ನಾನ್ ರಿಟರ್ನ್ ವಾಲ್ವ್ ಇರುವುದರಿಂದ ಹಿಂದಕ್ಕೂ ಹೋಗುವಂತಿಲ್ಲ. ಅದಕ್ಕಾಗಿ, ಹಿಗ್ಗಿದ ನೀರಿಗೆ ಜಾಗ ಕೊಡುವ, ಒಳಗೆ ಗಾಳಿ ತುಂಬಿದ 2 ಲೀಟರಿನ ಎಕ್ಸ್‌ಪ್ಯಾನ್ಷನ್ ವೆಸೆಲ್ ಬೇಕು. ಒಳಗಿನ ಗಾಳಿಯ ಒತ್ತಡ, ನಲ್ಲಿಗೆ ನೀರು ತಳ್ಳುವ ಪಂಪ್ ತಾನಾಗಿ ಆನ್ ಆಗುವ ಒತ್ತಡದಷ್ಟಿರಲಿ. 40 ಪಿಎಸ್‌ಐಗೆ ನಿಲ್ಲುವ ಪಂಪಿಗೆ ಇದು ಸುಮಾರು 25. ಸೈಕಲ್ ಪಂಪ್ ಸಾಕು. ವೆಸೆಲ್ ಕೂರಬೇಕಾದದ್ದು ನಾನ್ ರಿಟರ್ನ್ ವಾಲ್ವ್ ಮತ್ತು ಟ್ಯಾಂಕಿನ ನಡುವೆ. ವಾಲ್ವಿನ ಆಚೆ, ಪಂಪಿನ ಕಡೆ ಹಾಕಿಸಿಕೊಂಡವರ ಗಾಡಿಯಲ್ಲಿ ವೆಸೆಲ್ ಸುಮ್ಮನೆ ಶೋಕಿಗೆ ಇರುತ್ತದೆ, ಹಿಗ್ಗಿದ ನೀರು, ಒತ್ತಡ ಮೀರಿದಾಗ ತೆರೆಯುವ ಸೇಫ್ಟಿ ವಾಲ್ವಿನಿಂದ ಹೊರಬೀಳುತ್ತದೆ. ಆ ವಾಲ್ವಿನ ಕೊಳವೆಯನ್ನು ನೆಲದಿಂದ ಕೆಳಕ್ಕೆ ಇಳಿಸದಿದ್ದರೆ ನೀರು ಹಾಸಿಗೆಗೆ. ಅದು ಎಲ್ಲಿಂದ ಬಂತೆಂದು ಮನೆಯಲ್ಲಿ ನಡೆಯುವ ವಿಚಾರಣೆ ಬಹಳ ದೂರ ಹೋಗುತ್ತದೆ.

ಪಂಪಿನ ಮಾತೂ ಸ್ವಲ್ಪ. ಎಲ್ಲ ನಲ್ಲಿ ಮುಚ್ಚಿದ್ದು, ನಡುರಾತ್ರಿ ಅರ್ಧ ಗಂಟೆಗೊಮ್ಮೆ ಅದು "ಟರ್ರ್" ಎಂದು ಸುಮ್ಮನಾದರೆ ದೆವ್ವವಲ್ಲ, ಎಲ್ಲೋ ಜಿನುಗುತ್ತಿದೆ. ಟಿಶ್ಯೂ ಪೇಪರನ್ನು ಒಂದೊಂದೇ ಜಾಯಿಂಟಿಗೆ ಒತ್ತಿ ನೋಡಿ, ಕಣ್ಣಿಗೆ ಕಾಣದ ಹನಿ ಅದರಲ್ಲಿ ಕಾಣುತ್ತದೆ. ಜಾಯಿಂಟೆಲ್ಲ ಒಣಗಿದ್ದು ಕೂಲೆಂಟ್ ಬಾಟಲಿ ತಾನಾಗಿ ತುಂಬುತ್ತಿದ್ದರೆ ಒಳಗಿನ ಸುರುಳಿಯೇ ತೂತಾಗಿದೆ ಎಂದು ತಿಳಿಯಿರಿ. ಪಂಪಿನ ಒತ್ತಡ ಹೆಚ್ಚಾದ್ದರಿಂದ ನೀರು ಕೂಲೆಂಟಿಗೆ ನುಗ್ಗುತ್ತದೆ. ಪಂಪ್ ಆಫ್ ಮಾಡಿ, ನಲ್ಲಿ ಬಿಟ್ಟು, ಗಾಡಿ ಓಡಿಸಿದಿರೋ, ಕೂಲೆಂಟೇ ನೀರಿಗೆ ಬರುತ್ತದೆ. ಅದು ವಿಷ. ಇಂಥ ಟ್ಯಾಂಕಿನ ನೀರಿನಲ್ಲಿ ಬಾಯಿ ಮುಕ್ಕಳಿಸುವುದನ್ನಾಗಲಿ, ಟೀ ಕಾಯಿಸುವುದನ್ನಾಗಲಿ ಮೊದಲಿನಿಂದಲೂ ಅಭ್ಯಾಸ ಮಾಡಿಕೊಳ್ಳಬಾರದು.

ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ಊರಿನಲ್ಲಿ ಗಾಡಿಯನ್ನು ದಿನಗಟ್ಟಲೆ ಓಡಿಸದೆ ನಿಲ್ಲಿಸುವುದಾದರೆ ಪಂಪ್ ಆಫ್ ಮಾಡಿ, ಡ್ರೈನ್ ವಾಲ್ವ್ ತಿರುಗಿಸಿ, ಗಾಳಿ ಒಳಬರಲು ಷವರನ್ನೂ ತೆರೆದಿಡಿ. ಷವರ್ ಮುಚ್ಚಿದ್ದರೆ ಟ್ಯಾಂಕ್ ಪೂರ್ತಿ ಬರಿದಾಗುವುದಿಲ್ಲ. ಉಳಿದ ನೀರು ಮಂಜುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗಿ ಮಿಕ್ಸಿಂಗ್ ವಾಲ್ವನ್ನು ಮೊದಲು ಸೀಳುತ್ತದೆ, ಸ್ಪಿತಿಯ ಕಾಜಾ ಪಟ್ಟಣದಲ್ಲಿ ಸುಲಭವಾಗಿ ಸಿಗದ ಸಾಮಾನು ಅದು. ಡ್ರೈನ್ ಕೊಳವೆ ಟೈರಿನ ಬುಡದಲ್ಲಿ ಸುರಿಯದಂತೆಯೂ ನೋಡಿಕೊಳ್ಳಿ. ಇಲ್ಲದಿದ್ದರೆ ಬೆಳಗ್ಗೆ ಟೈರಿನ ಸುತ್ತ ಕಟ್ಟಿದ ಮಂಜುಗಡ್ಡೆ ಒಡೆಯಲು ಸುತ್ತಿಗೆ ಹುಡುಕಬೇಕಾಗುತ್ತದೆ.