ಪರ-ವಿರೋಧ: ಸುಟ್ಟ ಗಿರಣಿಯ ಗೋಡೆಗಳನ್ನು ಹಾಗೇ ಉಳಿಸಿದ್ದು ಸರಿಯೇ?

ಪರ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ವಾಶ್‌ಬರ್ನ್ 'ಎ' ಹಿಟ್ಟಿನ ಗಿರಣಿ ಇದೆ. ಅದರ ಬಹುಪಾಲು ಈಗ ಬರೀ ಗೋಡೆ. ಕೆಡವದೆ, ಆ ಪಾಳುಗೋಡೆಗಳ ಒಳಗೇ ಕಟ್ಟಿದ ಮ್ಯೂಸಿಯಂ 2003ರಲ್ಲಿ ತೆರೆಯಿತು. ಇದು ಸರಿ ಅಂತ ಯಾರ ಹತ್ತಿರ ಬೇಕಾದರೂ ವಾದಿಸುತ್ತೇನೆ.

1878ರ ಮೇ 2ರ ಸಂಜೆ ಇಲ್ಲಿದ್ದ ಮೊದಲ ಗಿರಣಿ ಸಿಡಿದುಹೋಯಿತು. ಸಿಡಿಸಿದ್ದು ಹಿಟ್ಟಿನ ದೂಳು! ಕಾಳಿಲ್ಲದೆ ಬೀಸುಗಲ್ಲುಗಳು ಒಂದಕ್ಕೊಂದು ಉಜ್ಜಿ ಕಿಡಿ ಹಾರಿತು, ತೇಲುತ್ತಿದ್ದ ದೂಳು ಹೊತ್ತಿಕೊಂಡಿತು. ಇಲ್ಲಿ 14 ಜನ, ಪಕ್ಕದ ಗಿರಣಿಗಳಲ್ಲಿ 4 ಜನ ಸತ್ತರು. 1880ರಲ್ಲಿ ಮತ್ತೆ ಎದ್ದ ಗಿರಣಿಗೆ ದೂಳು ಹಿಡಿಯುವ ಯಂತ್ರ ಬಂತು, ಕಲ್ಲಿನ ಜಾಗಕ್ಕೆ ಉಕ್ಕಿನ ರೋಲರ್ ಬಂತು. ಅಷ್ಟು ಜನ ಸತ್ತ ಮೇಲೆ ಬಂದ ಬುದ್ಧಿ ಅದು.

ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದ್ದರೆ ಇದೆಲ್ಲ ಯಾರಿಗೆ ಗೊತ್ತಾಗುತ್ತಿತ್ತು? ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದೊಡ್ಡ ಲಿಫ್ಟ್‌ನಲ್ಲಿ ಕೂರಿಸಿ ಎಂಟು ಅಂತಸ್ತು ಹತ್ತಿಸಿ ಇಳಿಸುತ್ತಾರೆ. ಯಂತ್ರಗಳು ಗಡಗಡ ಅನ್ನುತ್ತವೆ, ಹಳೇ ಕೆಲಸಗಾರರ ದನಿ ಕೇಳಿಸುತ್ತದೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಹೊರಗೆ ಬಂದವರೇ, "ದಿನವೂ ಆ ದೂಳು ಕುಡಿದವರ ಎದೆ ಏನಾಗಿರಬೇಕೋ" ಅಂದರು. ಕಾರಿನಲ್ಲೂ ಅದೇ ಮಾತು, ಊಟಕ್ಕೆ ಕೂತಾಗಲೂ ಅದೇ. ಪುಸ್ತಕ ಕೊಟ್ಟಿದ್ದರೆ ಎರಡು ಪುಟ ತಿರುವಿ ಮಲಗಿಬಿಡುತ್ತಿದ್ದರು.

ಖರ್ಚು ಜಾಸ್ತಿ ಅನ್ನುವವರನ್ನು ಬಿಡಿ. ಅವರಿಗೆ ತಾಜ್ ಮಹಲೂ ಒಳ್ಳೇ ಸೈಟ್ ಥರವೇ ಕಾಣುತ್ತದೆ.

ವಿರೋಧ

ಸಂಪಾದಕರು ನನಗೆ ಈ ಕಡೆ ಕೊಟ್ಟಿದ್ದಾರೆ, ಬರೆಯುತ್ತೇನೆ. ಆ ಪಾಳುಗೋಡೆಗಳ ನಡುವಿನ ಅಂಗಳ ನನಗೂ ಇಷ್ಟವೇ.

ಆದರೆ ಆ ಮುರುಕು ಗೋಡೆ 1878ರ ಸ್ಫೋಟದ್ದಲ್ಲ. ಗಿರಣಿ 1965ರಲ್ಲಿ ಮುಚ್ಚಿತು, ಖಾಲಿ ಬಿದ್ದಿತ್ತು, 1991ರಲ್ಲಿ ಬೆಂಕಿಗೆ ಸಿಕ್ಕಿತು. ಅಂದರೆ ನಾವು ನಿಂತು ನೋಡುವುದು 26 ವರ್ಷದ ಅಸಡ್ಡೆಯನ್ನು. ಈಗ ಅದರ ಮುಂದೆ ಮದುವೆ ಫೋಟೊ ತೆಗೆಸಿಕೊಳ್ಳುತ್ತಾರೆ. ಚೆನ್ನಾಗಿಯೇ ಬರುತ್ತವೆ, ಅದು ಬೇರೆ ಮಾತು.

ಇನ್ನು ಚಳಿ. ಛಾವಣಿ ಇಲ್ಲದ ಸುಣ್ಣಕಲ್ಲಿನ ಗೋಡೆಯ ಸಂದಿಗೆ ನೀರು ಇಳಿಯುತ್ತದೆ, ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಸೀಳುತ್ತದೆ. ಪಾಳನ್ನು ಪಾಳಾಗಿಯೇ ಇಡಲು ದುಡ್ಡು ಸುರಿಯುತ್ತಲೇ ಇರಬೇಕು.

ಹಾಗಂತ ಕೆಡವಿಬಿಡಿ ಅನ್ನಲು ನನಗೂ ಬಾಯಿ ಬರುವುದಿಲ್ಲ. ಮೇಲೊಂದು ಛಾವಣಿ ಹಾಕಿ ಅನ್ನುತ್ತೇನೆ, ಅಷ್ಟೇ.