ಸೋಫಾದಲ್ಲಿ ಕೂತು ಸ್ಲಿಪ್ ಫೀಲ್ಡಿಂಗ್

ಕ್ರಿಕೆಟ್ ಆಡುವವರು ಹನ್ನೊಂದು ಮಂದಿ, ಆಡಿಸುವವರು ಕೋಟ್ಯಂತರ. ಈ ಎರಡನೇ ತಂಡದ ತಯಾರಿ ನೋಡಬೇಕು! ಟಾಸ್ ಆದದ್ದೇ ತಡ, ಹನ್ನೊಂದರ ಪಟ್ಟಿ ಹಿಡಿದು, ನಿಜ ಆಟಗಾರರನ್ನು ಆರಿಸಿ ಮೊಬೈಲಿನಲ್ಲಿ ಕಟ್ಟಿದ ಫ್ಯಾಂಟಸಿ ತಂಡ ತಿದ್ದುವ ಕೆಲಸ ಶುರು. ನಾಯಕನಿಗೆ ಎರಡು ಪಟ್ಟು ಅಂಕ, ಉಪನಾಯಕನಿಗೆ ಒಂದೂವರೆ ಪಟ್ಟು, ತಲೆಬಿಸಿ ಕಡಿಮೆಯೇ? ಹೆಬ್ಬೆರಳು ಬೆವರು ಸುರಿಸುತ್ತದೆ, ಉಳಿದ ದೇಹವೆಲ್ಲ ಮೀಸಲು ಆಟಗಾರರ ಬೆಂಚಿನಲ್ಲಿ.

ಜ್ಞಾನಕ್ಕೇನೂ ಕೊರತೆಯಿಲ್ಲ, ಅದನ್ನು ಒಪ್ಪಲೇಬೇಕು. ಚೆಂಡು ಲೆಗ್ ಸ್ಟಂಪಿನ ಆಚೆ ಪಿಚ್ ಆಗಿದ್ದರೆ ಎಲ್‌ಬಿಡಬ್ಲ್ಯು ಇಲ್ಲವೆಂದು ಮೂರನೇ ಅಂಪೈರ್ ಬಾಯಿ ಬಿಡುವ ಮೊದಲೇ ಇವರು ಘೋಷಿಸಿರುತ್ತಾರೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟರ್‌ನನ್ನು ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು. ಅಷ್ಟರೊಳಗೆ ಲೈನ್, ಲೆಂಗ್ತ್ ಗುರುತಿಸಿ ಕಾಲನ್ನೂ ಇಡಬೇಕು. ಅದೇ ಚೆಂಡು ಸ್ಲೋ ಮೋಷನ್‌ನಲ್ಲಿ ಮೂರ್ನಾಲ್ಕು ಸಲ ತೇಲಿ ಬಂದ ಮೇಲೆ ಸೋಫಾದಿಂದ ತೀರ್ಪು ಹೊರಬೀಳುತ್ತದೆ: “ಲೇ, ಬಿಡೋಕೇನಾಗಿತ್ತು ಅದನ್ನ?” ಅರ್ಧ ನಿಮಿಷ ನೋಡಿ ಕೊಟ್ಟ ತೀರ್ಪು, ತಪ್ಪಾಗುವುದಾದರೂ ಹೇಗೆ!

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಹುಡುಗರು ಒಂದೇ ಟಿ20 ಪಂದ್ಯದಲ್ಲಿ ಆ ನಿಮಿಷಗಳನ್ನು ದಾಟಿಬಿಡುತ್ತಾರೆ. ಶ್ರಮವನ್ನಷ್ಟೇ ಹೊರಗುತ್ತಿಗೆಗೆ ಕೊಟ್ಟಿದ್ದಾರೆ.

ವರ್ಷಕ್ಕೊಮ್ಮೆ ಆಫೀಸಿನ ಟೂರ್ನಮೆಂಟ್ ಎಂಬ ಕಂಟಕ ಬರುತ್ತದೆ. ಬೆನ್ನಿಗೆ ಹೆಸರು, ನಂಬರ್ ಇರುವ ಹೊಸ ಜೆರ್ಸಿ. ವಾರ್ಮ್‌ಅಪ್ ಅಂದರೆ ಗ್ರೂಪ್ ಫೋಟೊ. ಬೌಲರ್ ಹಿಂದಿನ ಕ್ಯಾಮೆರಾದ ದೂರದ ಲೆನ್ಸು 22 ಗಜವನ್ನು ಕುಗ್ಗಿಸಿ ತೋರಿಸುತ್ತದೆ ಎಂಬುದು ಗೊತ್ತಾಗುವುದು ಆಗಲೇ: ಬ್ಯಾಟರ್‌ನ ಕಾಲಬುಡಕ್ಕೆ ಯಾರ್ಕರ್ ಎಂದು ಎಸೆದದ್ದು ನಡು ಪಿಚ್ಚಿನಲ್ಲಿ ಬಿದ್ದು, ಇನ್ನೊಮ್ಮೆ ಪುಟಿದು, ಉರುಳುತ್ತಾ ಕೀಪರ್ ಕೈ ಸೇರುತ್ತದೆ. ಬ್ಯಾಟಿಂಗ್‌ನಲ್ಲಿ ಇನ್ನೂ ಕಷ್ಟ. ಕ್ರೀಸಿನಿಂದ ಕ್ರೀಸಿಗೆ 17.68 ಮೀಟರ್. ಒಂದು ರನ್ ಹೇಗೋ ಆಯಿತು. ಎರಡನೆಯದಕ್ಕೆ ಓಟ ತಡೆದು, ಬಗ್ಗಿ, ಬ್ಯಾಟ್ ಚಾಚಿ ಗೆರೆ ಮುಟ್ಟಿಸಿ, ತಿರುಗಿ ಚಿಮ್ಮಬೇಕು. ಬಿಸಿಯಾಗದ ಸ್ನಾಯು ಚಿಮ್ಮುವ ಆ ಕ್ಷಣದಲ್ಲೇ ತೊಡೆಯ ಹಿಂದೆ ಚಳಕ್ಕೆನ್ನುತ್ತದೆ. ಹ್ಯಾಮ್‌ಸ್ಟ್ರಿಂಗ್! ಕಳೆದ ವಾರವಷ್ಟೇ ಯಾವುದೋ ಬೌಲರ್ ತೊಡೆ ಹಿಡಿದುಕೊಂಡಾಗ “ನಾಟಕ” ಎಂದು ರೋಗನಿರ್ಣಯ ಮಾಡಿದ್ದವನೇ ಈಗ ಇಬ್ಬರ ಹೆಗಲ ಮೇಲೆ ಕೈ ಹಾಕಿ ಹೊರಡುತ್ತಾನೆ.

ಫಿಸಿಯೊ ಸಲಹೆ ಸರಳ. 15–20 ನಿಮಿಷ ಐಸ್, ಎಲಾಸ್ಟಿಕ್ ಬ್ಯಾಂಡೇಜು, ಕಾಲು ದಿಂಬಿನ ಮೇಲಿಟ್ಟು ಒರಗಿರುವುದು, ಹೇಳುವವರೆಗೆ ಓಡದಿರುವುದು. ಇದನ್ನು ಚಾಚೂ ತಪ್ಪದೆ ಪಾಲಿಸುವ ರೋಗಿಗಳು ಅಪರೂಪವಂತೆ. ಇವನು ಗಾಯವಾಗುವುದಕ್ಕೆ ಮೊದಲಿನಿಂದಲೂ ಪಾಲಿಸುತ್ತಿದ್ದಾನೆ.